ಶನಿವಾರ ಹೋಗಿ ಭಾನುವಾರ ಮರಳುವಂತೆ ಮುಂಬಯಿ ಗಣಪತಿ ನೋಡಲು ಮೂವರಿಗೆ ಆರು ಸಾವಿರ ರೂಪಾಯಿ ಸಾಕೇ?

ಪ್ರಶ್ನೆ: ಭೋಸರಿಯ ಬಾದಾಮಿಗ, ಜುಲೈ 5

ಎಲ್ಲರಿಗೂ ನಮಸ್ಕಾರ. ನಾನು ಬಾದಾಮಿ ಕಡೆಯವನು. ಒಂಬತ್ತು ವರ್ಷಗಳಿಂದ ಪುಣೆಯ ಭೋಸರಿಯಲ್ಲಿದ್ದು, ಇಲ್ಲಿನ ಎಂಐಡಿಸಿಯ ಒಂದು ಕಾರ್ಖಾನೆಯಲ್ಲಿ ಲೇತ್ ವಿಭಾಗವನ್ನು ನೋಡಿಕೊಳ್ಳುತ್ತೇನೆ. ಇಷ್ಟು ಹತ್ತಿರದಲ್ಲಿದ್ದರೂ ಚೌತಿಯ ಸಮಯದಲ್ಲಿ ಒಮ್ಮೆಯೂ ಮುಂಬಯಿಗೆ ಹೋದವನಲ್ಲ. ಆ ಹೊತ್ತಿಗೆ ಊರಿನಲ್ಲಿ ಅಣ್ಣನ ಮನೆಯಲ್ಲಿ ಗಣಪತಿ ಕೂರಿಸುವುದರಿಂದ ಪ್ರತಿವರ್ಷ ಬಸ್ಸು ಹತ್ತುವುದು ಆ ಕಡೆಗೇ. ಈ ವರ್ಷ ಅವ್ವ ಮೊಣಕಾಲಿನ ಚಿಕಿತ್ಸೆಗೆಂದು ಬಂದು ನನ್ನ ಬಳಿ ಇದ್ದಾಳೆ. ತಂಗಿ ಪುಣೆಯಲ್ಲೇ ಬಿ.ಕಾಂ. ಓದುತ್ತಿದ್ದಾಳೆ. ಪ್ರತಿವರ್ಷ ಟಿವಿಯಲ್ಲಿ ‘ಲಾಲ್‌ಬಾಗ್‌ನ ರಾಜ’ ಎಂಬ ಮುಂಬಯಿಯ ಹೆಸರಾಂತ ಗಣಪತಿಯನ್ನು ನೋಡಿ ಕೈಮುಗಿಯುವ ಅವ್ವ, ‘ಇಷ್ಟು ಸಮೀಪ ಬಂದು ನೋಡದೆ ಹೋದರೆ ಹೆಂಗ?’ ಎಂದು ಕೇಳಿದ ಮೇಲೆ ಇಲ್ಲವೆನ್ನಲು ನನಗೆ ಬಾಯಿ ಬರಲಿಲ್ಲ.

ನನ್ನ ಯೋಜನೆ ಹೀಗಿದೆ. 2026ರ ಚೌತಿ ಸೆಪ್ಟೆಂಬರ್ 14ರ ಸೋಮವಾರ ಬಂದಿರುವುದರಿಂದ, ಆ ವಾರದ ಕೊನೆಯಲ್ಲಿ ಅಂದರೆ 19ರ ಶನಿವಾರ ಬೆಳಿಗ್ಗೆ ಪುಣೆಯಿಂದ ಹೊರಟು, ಅಂದು ಹಗಲಿರುಳು ಸಾಧ್ಯವಾದಷ್ಟು ಮಂಡಳಗಳ ಗಣಪತಿಗಳನ್ನು ನೋಡಿ, ಭಾನುವಾರ ರಾತ್ರಿಯೊಳಗೆ ಮರಳಬೇಕು. ಮೂವರಿಗೂ ಸೇರಿ ಆರು ಸಾವಿರ ರೂಪಾಯಿ ತೆಗೆದಿಟ್ಟಿದ್ದೇನೆ. ಅದಕ್ಕಿಂತ ಹೆಚ್ಚು ಈಗ ಕಷ್ಟ. ಲಾಲ್‌ಬಾಗ್‌ನ ರಾಜ, ಮಾಟುಂಗಾದ ಚಿನ್ನದ ಗಣಪತಿ, ಅಂಧೇರಿಯ ರಾಜ, ಗಿರ್‌ಗಾಂವ್ ಚೌಪಾಟಿ, ಸಿದ್ಧಿವಿನಾಯಕ ದೇವಸ್ಥಾನ, ಸಮಯ ಉಳಿದರೆ ಗೇಟ್‌ವೇ, ಇವಿಷ್ಟು ಪಟ್ಟಿಯಲ್ಲಿವೆ. ಒಂದೂವರೆ ದಿನದಲ್ಲಿ ಇವೆಲ್ಲ ಆಗುತ್ತವೆಯೇ? ಒಂದು ರಾತ್ರಿ ಕಡಿಮೆ ಖರ್ಚಿನಲ್ಲಿ ಎಲ್ಲಿ ತಂಗಬಹುದು? ಅವ್ವ ನಿಧಾನವಾಗಿ ನಡೆಯಬಲ್ಲಳು, ಆದರೆ ಬಹಳ ಹೊತ್ತು ನಿಂತರೆ ಮೊಣಕಾಲು ಬಾತುಕೊಳ್ಳುತ್ತದೆ. ಮುಂಬಯಿಯಲ್ಲಿರುವ ಹಿರಿಯರು ದಯವಿಟ್ಟು ದಾರಿ ತೋರಿಸಬೇಕು.

ಉತ್ತರ 1: ಮಾಟುಂಗಾದ ಮಾವ, ಜುಲೈ 5

ನಿಮ್ಮ ಯೋಜನೆಯಲ್ಲಿ ದಿನಾಂಕವೇ ತಪ್ಪಿದೆ, ಆದ್ದರಿಂದ ಖರ್ಚಿನ ಮಾತು ಆಮೇಲೆ. ನೀವು ‘ಚಿನ್ನದ ಗಣಪತಿ’ ಎಂದು ಬರೆದದ್ದು ಕಿಂಗ್ಸ್ ಸರ್ಕಲ್‌ನ ಜಿಎಸ್‌ಬಿ (ಗೌಡ ಸಾರಸ್ವತ ಬ್ರಾಹ್ಮಣ) ಸೇವಾ ಮಂಡಳದ ಗಣಪತಿಯನ್ನೇ ಇರಬೇಕು. ಅಲ್ಲಿ ಉತ್ಸವ ಐದೇ ದಿನ. ಸೋಮವಾರ ಕೂರಿಸಿದ ಗಣಪತಿಯನ್ನು 18ರ ಶುಕ್ರವಾರ ವಿಸರ್ಜಿಸುತ್ತಾರೆ. ಶನಿವಾರ ನೀವು ಬಂದು ನಿಲ್ಲುವ ಹೊತ್ತಿಗೆ ಅಲ್ಲಿ ಚಪ್ಪರ ಬಿಚ್ಚುವ ಆಳುಗಳು ಮತ್ತು ಬಿದಿರಿನ ರಾಶಿ ಕಂಡಾವು, ಅಷ್ಟೆ. ಪ್ರತಿವರ್ಷ ಊರಿನಿಂದ ಬಂದ ನೆಂಟರಲ್ಲಿ ಒಬ್ಬರಾದರೂ ಹೀಗೆ ಬಂದು ಪೆಚ್ಚಾಗುವುದನ್ನು ಮೂವತ್ತನಾಲ್ಕು ವರ್ಷಗಳಿಂದ ನೋಡುತ್ತಿದ್ದೇನೆ. ಹನ್ನೊಂದು ದಿನವೂ ಎಲ್ಲ ಕಡೆ ಗಣಪತಿ ಇರುತ್ತದೆ ಎಂಬ ಎಣಿಕೆಯೇ ಈ ತಪ್ಪಿಗೆ ಕಾರಣ. ಮನೆ ಗಣಪತಿಗಳು ಒಂದೂವರೆ ದಿನಕ್ಕೆ, ಐದಕ್ಕೆ, ಏಳಕ್ಕೆ ಅಥವಾ ಗೌರಿಯ ಜೊತೆಗೆ ಹೊರಡುತ್ತವೆ. ದೊಡ್ಡ ಸಾರ್ವಜನಿಕ ಮಂಡಳಗಳವು ಅನಂತ ಚತುರ್ದಶಿಯವರೆಗೆ, ಅಂದರೆ ಈ ಬಾರಿ 25ರ ಶುಕ್ರವಾರದವರೆಗೆ ಇರುತ್ತವೆ. ನೀವು ಪಟ್ಟಿಯಲ್ಲಿ ಹಾಕಿದ ಅಂಧೇರಿಯ ರಾಜ ಇನ್ನೂ ಬೇರೆ. 1966ರಲ್ಲಿ ಆರಂಭವಾದ ಆ ಮಂಡಳ ಸಂಕಷ್ಟಿಯವರೆಗೂ ಗಣಪತಿಯನ್ನು ಇಟ್ಟುಕೊಳ್ಳುತ್ತದೆ. ಹಾಗಾಗಿ ಅಂಧೇರಿಯನ್ನು ಈ ಪಯಣದಿಂದ ಕೈಬಿಡಿ, ಯಾವಾಗಲಾದರೂ ಒಂಟಿಯಾಗಿ ಬಂದು ನೋಡಿಕೊಂಡು ಹೋಗಬಹುದು.

ಶನಿವಾರ-ಭಾನುವಾರಗಳನ್ನು ಬಿಡಲು ಇನ್ನೂ ಒಂದು ಕಾರಣವಿದೆ. ವಾರಾಂತ್ಯದಲ್ಲಿ ಇಡೀ ಠಾಣೆ, ಕಲ್ಯಾಣ್, ವಿರಾರ್ ಕಡೆಯ ಜನ ಗಣಪತಿ ನೋಡಲು ಇಳಿದು ಬರುತ್ತಾರೆ. ಭಾನುವಾರವೆಂದರೆ ಹಳಿ ದುರಸ್ತಿಗೆಂದು ಲೋಕಲ್ ಗಾಡಿಗಳನ್ನು ತಡೆಯುವ ರೈಲ್ವೆಯ ಮೆಗಾಬ್ಲಾಕ್‌ನ ಭಯ ಬೇರೆ. ಭೋಸರಿಯ ಕಾರ್ಖಾನೆಗಳಿಗೆ ಸಾಮಾನ್ಯವಾಗಿ ಗುರುವಾರ ರಜೆ ಎಂದು ಕೇಳಿದ್ದೇನೆ. ನಿಮಗೂ ಹಾಗೆಯೇ ಇದ್ದರೆ 17ರ ಗುರುವಾರ ಬೆಳಿಗ್ಗೆ ಹೊರಟು, ಶುಕ್ರವಾರಕ್ಕೆ ಒಂದು ರಜೆ ಹಾಕಿ, ಅಂದು ಸಂಜೆಯ ಗಾಡಿಗೆ ಮರಳಿ. ಐದನೆಯ ದಿನದ ವಿಸರ್ಜನೆಯ ಮೆರವಣಿಗೆಗಳು ರಸ್ತೆಗಿಳಿದು ಗಲಾಟೆ ಏರುವಷ್ಟರಲ್ಲಿ ನೀವು ಘಾಟ್ ಹತ್ತುತ್ತಿರುತ್ತೀರಿ.

ಡೆಕ್ಕನ್ ಕ್ವೀನ್ ರೈಲು ಪುಣೆಯನ್ನು 7.15ಕ್ಕೆ ಬಿಡುತ್ತದೆ. ಕೊನೆಯ ಸ್ಟೇಷನ್ನಾದ ಸಿಎಸ್‌ಎಂಟಿಯವರೆಗೆ (ಹಳೆಯ ವಿ.ಟಿ.) ಹೋಗದೆ ದಾದರ್‌ನಲ್ಲೇ ಇಳಿಯಿರಿ. ಅಲ್ಲಿಂದ ಕಲ್ಯಾಣ್ ಕಡೆಗೆ ಹೋಗುವ ಸ್ಲೋ ಲೋಕಲ್ ಹಿಡಿದರೆ ಮುಂದಿನ ಸ್ಟೇಷನ್ನೇ ಮಾಟುಂಗಾ. ಪೂರ್ವ ದಿಕ್ಕಿಗೆ ಹೊರಬಿದ್ದರೆ ಹೂವಿನ ಅಂಗಡಿಗಳು, ಬಾಳೆಲೆಯ ಕಟ್ಟುಗಳು, ಕಾಫಿಪುಡಿಯ ವಾಸನೆ ಎದುರಾಗುತ್ತವೆ. ನಿಮ್ಮ ತಾಯಿಯವರಿಗೆ ಒಂದು ಗಳಿಗೆ ಊರಿಗೇ ಬಂದಂತಾದರೂ ಆಶ್ಚರ್ಯವಿಲ್ಲ. 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ ಇರುವುದು ಇದೇ ಪೇಟೆಯಲ್ಲಿ ಎಂದರೆ ಕನ್ನಡ ಇಲ್ಲಿ ಎಷ್ಟು ಹಳೆಯದೆಂದು ತಿಳಿಯುತ್ತದೆ. ಹೂವಾಡಗಿತ್ತಿಯರ ಬಳಿ ಕನ್ನಡದಲ್ಲಿಯೇ ಚೌಕಾಸಿ ಮಾಡಿ ನೋಡಿ.

ಸ್ಟೇಷನ್ನಿನಿಂದ ಕಿಂಗ್ಸ್ ಸರ್ಕಲ್‌ಗೆ ನಿಧಾನವಾಗಿ ನಡೆದರೂ ಕಾಲು ಗಂಟೆ ಸಾಕು. ಜೇಡಿಮಣ್ಣಿನ ಆ ಮೂರ್ತಿಗೆ ತೊಡಿಸುವ ಬಂಗಾರ-ಬೆಳ್ಳಿಯಿಂದ ಹಿಡಿದು ಚಪ್ಪರ, ಸ್ವಯಂಸೇವಕರವರೆಗೆ ಎಲ್ಲಕ್ಕೂ ಸೇರಿಸಿ 2025ರಲ್ಲಿ 474 ಕೋಟಿ ರೂಪಾಯಿ ದಾಟಿದ ವಿಮೆ ಮಾಡಿಸಿದ್ದರು. ಪತ್ರಿಕೆಗಳೆಲ್ಲ ಬರೆದದ್ದು ಅದನ್ನೇ. ನಾನು ಮಾತ್ರ ಅಲ್ಲಿಗೆ ಹೋಗುವುದು ಬೇರೆ ಕಾರಣಕ್ಕೆ. ಅಲ್ಲಿನ ಪೂಜೆಯ ಕ್ರಮ ನಮ್ಮ ಕರಾವಳಿಯ ದೇವಸ್ಥಾನದ್ದು: ಮಂತ್ರ ಕಿವಿಗೆ ಕೇಳಿಸುತ್ತದೆ, ತುಲಾಭಾರದ ತಕ್ಕಡಿಯಲ್ಲಿ ಮಗು ಕುಳಿತಿರುತ್ತದೆ, ಅದರ ಅಜ್ಜಿ ಇನ್ನೊಂದು ತಟ್ಟೆಗೆ ತೆಂಗಿನಕಾಯಿ ಇಡುತ್ತಿರುತ್ತಾರೆ. ಮಧ್ಯಾಹ್ನ ಪ್ರಸಾದದ ಊಟವೂ ಇರುತ್ತದೆ. ಅದಕ್ಕೆ ಕಾಯುವುದು ಬೇಡವೆನಿಸಿದರೆ, ಮಾಟುಂಗಾ ಸ್ಟೇಷನ್ನಿನ ಎದುರಿಗೇ 1942ರಲ್ಲಿ ಶುರುವಾದ ಎ. ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನಲ್ಲಿ ಬಾಳೆಲೆ ಊಟ ಮಾಡಿ. ಮಹಡಿ ಹತ್ತಬೇಕಾಗುತ್ತದೆ, ತಾಯಿಯವರನ್ನು ಕೈಹಿಡಿದು ಹತ್ತಿಸಿ.

ಇನ್ನು ಲಾಲ್‌ಬಾಗ್‌ನ ರಾಜನ ವಿಷಯ. ನನ್ನ ಅಭಿಪ್ರಾಯ ಕಹಿಯಾದೀತು: ಬಾತುಕೊಳ್ಳುವ ಮೊಣಕಾಲನ್ನು ಇಟ್ಟುಕೊಂಡು ಆ ಸಾಲಿಗೆ ಹೋಗಬೇಡಿ. ಅದರ ಬದಲು ಗುರುವಾರ ಸಂಜೆ ಗಿರ್‌ಗಾಂವ್‌ನಲ್ಲಿ ನಡೆದಾಡಿ. ಈಗ ಮೆಟ್ರೊ 3 ಇರುವುದರಿಂದ ಸಿಎಸ್‌ಎಂಟಿಯಿಂದ ಕಾಲ್ಬಾದೇವಿ ದಾಟಿದರೆ ಗಿರ್‌ಗಾಂವ್ ಸ್ಟೇಷನ್. ಅಲ್ಲಿ ಕೇಶವಜಿ ನಾಯಕ್ ಚಾಳ್ ಎಂಬ ಹಳೆಯ ವಠಾರವಿದೆ. 1893ರಲ್ಲಿ ಮುಂಬಯಿಯ ಮೊದಲ ಸಾರ್ವಜನಿಕ ಗಣಪತಿ ಕೂತದ್ದು ಅಲ್ಲಿಯೇ. ಎರಡೂ ಬದಿಗೆ ಮರದ ಕಟಕಟೆಯ ಮಹಡಿಗಳು, ನಡುವೆ ಕಿರಿದಾದ ಅಂಗಳ, ಅಂಗಳದ ಕೊನೆಯಲ್ಲಿ ಮನೆಯಲ್ಲಿ ಕೂರಿಸುವಷ್ಟೇ ಎತ್ತರದ ಮೂರ್ತಿ. ದೂಡುವವರಿಲ್ಲ, ‘ಚಲಾ ಪುಢೆ’ (ಮುಂದೆ ನಡೆಯಿರಿ) ಎಂದು ಗದರುವವರಿಲ್ಲ. ಕುಳಿತುಕೊಂಡು ನೋಡಬಹುದು. ಅಲ್ಲಿಂದ ಖೇತ್‌ವಾಡಿಯ ಗಲ್ಲಿಗಳಿಗೆ ಹೋದರೆ ಒಂದೊಂದು ಗಲ್ಲಿಗೂ ಒಂದೊಂದು ಗಣಪತಿ, ಅವುಗಳಲ್ಲಿ ಕೆಲವು ಮೂರನೆಯ ಮಹಡಿಯ ಕಿಟಕಿ ಮುಟ್ಟುವಷ್ಟು ಎತ್ತರ. ಸಾಕೆನಿಸಿದಾಗ ನಿಲ್ಲಿಸಿಬಿಡಬಹುದಾದ ನಡಿಗೆ ಅದು. ನಿಮ್ಮ ತಾಯಿಯವರಿಗೆ ಅದೇ ಸರಿ.

ಉತ್ತರ 2: ಸದಾಶಿವ ಪೇಟೆ, ಜುಲೈ 6

ಪುಣೆಯಲ್ಲಿದ್ದುಕೊಂಡು ಗಣಪತಿ ನೋಡಲು ಮುಂಬಯಿಗೆ ಹೋಗುತ್ತೇನೆ ಎನ್ನುವವರನ್ನು ನಮ್ಮ ಪೇಟೆಯವರು ಅನುಮಾನದಿಂದಲೇ ನೋಡುತ್ತಾರೆ ಎಂಬುದನ್ನು ಮೊದಲೇ ತಿಳಿಸಿಬಿಡುತ್ತೇನೆ. ಕಸಬಾ, ತಾಂಬಡಿ ಜೋಗೇಶ್ವರಿ, ಗುರುಜಿ ತಾಲೀಮ್, ತುಳಶಿಬಾಗ್, ಕೇಸರಿವಾಡಾ, ಮೊದಲ ಮರ್ಯಾದೆ ಪಡೆಯುವ ಈ ಐದು ‘ಮಾನದ ಗಣಪತಿ’ಗಳನ್ನೂ ದಗಡೂಶೇಠ್ ಗಣಪತಿಯನ್ನೂ ಒಂದೇ ಮುಂಜಾವದಲ್ಲಿ ಕಾಲ್ನಡಿಗೆಯಲ್ಲಿ ನೋಡಿ ಮುಗಿಸಬಹುದು. ಭೋಸರಿಯಿಂದ ಬಸ್ಸಿನ ಖರ್ಚಷ್ಟೇ. ಆದರೆ ತಾಯಿಯ ಆಸೆ ರಾಜನ ಮೇಲಿದ್ದರೆ ನನ್ನ ವಾದ ನಡೆಯುವುದಿಲ್ಲ, ಒಪ್ಪುತ್ತೇನೆ. ಮುಂಬಯಿಯಿಂದ ಬಂದ ಮೇಲೆ ಕಸಬಾಕ್ಕೂ ಒಮ್ಮೆ ಕರೆದುಕೊಂಡು ಬನ್ನಿ, ಅದು ನಮ್ಮ ಗ್ರಾಮದೇವತೆ.

ಉತ್ತರ 3: ಮಿಲ್ಲಿನ ಭೋಂಗಾ, ಜುಲೈ 6

ಮಾಟುಂಗಾದ ಮಾವನವರ ದಿನಾಂಕದ ಲೆಕ್ಕ ಸರಿಯಾಗಿದೆ, ಗಿರ್‌ಗಾಂವ್ ವಿಷಯವಾಗಿ ಅವರು ಬರೆದದ್ದಕ್ಕೂ ನನ್ನ ತಕರಾರಿಲ್ಲ. ಆದರೆ ರಾಜನ ದರ್ಶನವನ್ನೇ ಬಿಟ್ಟುಬಿಡಿ ಎಂಬ ಮಾತನ್ನು ನಾನು ಒಪ್ಪಲಾರೆ. ಆ ತಾಯಿ ಹೊರಟಿರುವುದೇ ಅದಕ್ಕಾಗಿ. ಗಿರ್‌ಗಾಂವ್‌ನ ಹತ್ತು ಗಣಪತಿ ತೋರಿಸಿ ಕರೆತಂದರೂ ಊರಿಗೆ ಹೋದ ಮೇಲೆ ಓಣಿಯವರು ಕೇಳುವ ಮೊದಲ ಪ್ರಶ್ನೆ ಯಾವುದೆಂದು ನಮಗೆಲ್ಲ ಗೊತ್ತು.

ನನ್ನ ತಂದೆ ಬೆಳಗಾವಿ ಕಡೆಯಿಂದ ಬಂದು ಪರೇಲ್‌ನ ಮಿಲ್ಲಿನಲ್ಲಿ ದುಡಿದವರು. 1982ರ ಮುಷ್ಕರದ ನಂತರ ಮಿಲ್ಲು ಮುಚ್ಚಿತು, ಚಾಳಿನ ಖೋಲಿ ಮಾತ್ರ ಉಳಿಯಿತು. ನಾನು ಬೆಳೆದದ್ದು ರಾಜನ ಚಪ್ಪರದಿಂದ ಕೂಗಳತೆಯಲ್ಲಿ. ಆ ಗಣಪತಿ ಹರಕೆಗೆ ಒಲಿಯುವವನೆಂಬ ಹೆಸರು ಸುಮ್ಮನೆ ಬಂದದ್ದಲ್ಲ. 1932ರಲ್ಲಿ ಪೇರು ಚಾಳಿನ ಸಂತೆ ಮುಚ್ಚಿಹೋಗಿ, ಬೀದಿಯಲ್ಲಿ ಕುಳಿತು ಮೀನು ಮಾರಬೇಕಾಗಿ ಬಂದ ಕೋಳಿ ಸಮುದಾಯದ ಮೀನುಗಾರರೂ ಸಣ್ಣ ವ್ಯಾಪಾರಿಗಳೂ ನಮಗೊಂದು ಖಾಯಂ ಜಾಗ ಸಿಗಲಿ ಎಂದು ಹರಕೆ ಹೊತ್ತರು. ಜಾಗ ಸಿಕ್ಕಿತು, 1934ರಲ್ಲಿ ಗಣಪತಿ ಕೂತ. ಇದು ಸಂತೆಯವರ ದೇವರು. ನಿಮ್ಮ ಅವ್ವನಿಗೆ ಈ ಕಥೆಯನ್ನು ಗಾಡಿಯಲ್ಲೇ ಹೇಳಿ.

ಈಗ ಕೆಲಸದ ಮಾತು. ಅಲ್ಲಿ ಎರಡು ಸಾಲುಗಳಿರುತ್ತವೆ. ಪಾದ ಮುಟ್ಟಿ ಹರಕೆ ಒಪ್ಪಿಸುವವರ ‘ನವಸಾಚಿ ರಾಂಗ್’ ಒಂದು, ಸ್ವಲ್ಪ ದೂರದಿಂದ ಮುಖ ನೋಡಿ ಮುಂದೆ ಸಾಗುವ ‘ಮುಖದರ್ಶನಾಚಿ ರಾಂಗ್’ ಇನ್ನೊಂದು. ಮೊದಲನೆಯದರ ಹೆಸರನ್ನೇ ಎತ್ತಬೇಡಿ. ಹಗಲು ರಾತ್ರಿ ಒಂದಾಗುವಷ್ಟು ಹೊತ್ತು ನಿಂತವರನ್ನು ನಮ್ಮ ಮನೆಯಲ್ಲೇ ನೀರು ಕೊಟ್ಟು ಕೂರಿಸಿದ್ದೇವೆ. ಮುಖದರ್ಶನದ ಸಾಲು ಸರಾಗವಾಗಿ ಸರಿಯುತ್ತಿರುತ್ತದೆ. ಹೋದ ವರ್ಷ ವಾರದ ನಡುವಿನ ಒಂದು ದಿನ ಬೆಳಗಿನ ಜಾವ ನನ್ನ ಅತ್ತೆಯವರನ್ನು ಕರೆದುಕೊಂಡು ಹೋದಾಗ ಎರಡೂವರೆ ಗಂಟೆ ಹಿಡಿಯಿತು; ಅದೇ ವಾರದ ಶನಿವಾರ ಸಂಜೆ ಹೋದ ನನ್ನ ಭಾವನಿಗೆ ಆರು ಗಂಟೆಯಾದರೂ ಮುಗಿದಿರಲಿಲ್ಲ. ಅತ್ತೆಯವರಿಗೂ ಮೊಣಕಾಲಿನ ತೊಂದರೆಯಿದೆ. ಮಡಚುವ ಪುಟ್ಟ ಸ್ಟೂಲ್ ಒಂದನ್ನು ಕೈಯಲ್ಲಿ ಹಿಡಿದಿದ್ದೆ. ಸಾಲು ನಿಂತಾಗ ಅದನ್ನು ಬಿಡಿಸುವುದು, ಅವರು ಕೂರುವುದು, ಹಗ್ಗ ಹಿಡಿದ ಹುಡುಗ ಸೀಟಿ ಊದಿದ ಕೂಡಲೇ ಮಡಚಿ ನಾಲ್ಕು ಹೆಜ್ಜೆ ಹೋಗುವುದು, ಹೀಗೆ ಮೂವತ್ತು ಸಲವಾದರೂ ಮಾಡಿದೆವು. ಅತ್ತೆಯವರ ಹಿಂದೆ ನಿಂತಿದ್ದ ಸಾತಾರಾದ ಅಜ್ಜಿಯೊಬ್ಬರು ನಡುನಡುವೆ ಅದೇ ಸ್ಟೂಲಿನ ಮೇಲೆ ತಮ್ಮ ಪಾಳಿ ಕೇಳಿ ಕೂರುತ್ತಿದ್ದರು.

ಹಾಗಾಗಿ ಶುಕ್ರವಾರ ಬೆಳಗಿನ ಜಾವಕ್ಕೆ ಸಾಲು ಸೇರಿಕೊಳ್ಳಿ. ಸಿಎಸ್‌ಎಂಟಿಯಿಂದ ಸ್ಲೋ ಲೋಕಲ್‌ನಲ್ಲಿ ಭಾಯ್‌ಖಳಾ ದಾಟಿದ ಮೇಲಿನ ಚಿಂಚ್‌ಪೋಕ್ಳಿಯಲ್ಲಿ ಇಳಿಯಬಹುದು, ಅದರ ಮುಂದಿನ ಕರೀ ರೋಡ್‌ನಲ್ಲೂ ಇಳಿಯಬಹುದು. ಎರಡೂ ಕಡೆಯ ಸೇತುವೆಗಳು ಹಳೆಯವು, ಇಕ್ಕಟ್ಟಿನವು. ಅವುಗಳ ಮೇಲೆ ನಿಂತು ಫೋಟೊ ತೆಗೆಯುವ ಆಸೆಯನ್ನು ತಂಗಿ ಬಿಡಬೇಕು, ಪೊಲೀಸರೂ ನಿಲ್ಲಗೊಡುವುದಿಲ್ಲ. ದರ್ಶನಕ್ಕೆ ಹಣವಿಲ್ಲ, ಪಾಸೂ ಇಲ್ಲ. ‘ವಯಸ್ಸಾದವರಿಗೆ ಬೇರೆ ದಾರಿಯಿದೆ, ಐನೂರು ಕೊಡಿ’ ಎಂದು ಪಿಸುಗುಡುವವನು ಸಿಕ್ಕರೆ ತಲೆ ಅಲ್ಲಾಡಿಸಿ ಮುಂದೆ ಹೋಗಿ. ಕಾವಲಿನ ಪೊಲೀಸರನ್ನೋ ಬಿಲ್ಲೆ ಹಾಕಿದ ಕಾರ್ಯಕರ್ತರನ್ನೋ ನೇರವಾಗಿ ಕೇಳಿದರೆ, ತಾಯಿಯವರ ಸ್ಥಿತಿ ನೋಡಿ ಅವರೇ ಏನಾದರೂ ಅನುಕೂಲ ಮಾಡಿದರೂ ಮಾಡಿಯಾರು, ಆದರೆ ಅದನ್ನು ನೆಚ್ಚಿಕೊಂಡು ಹೊರಡಬೇಡಿ.

ರಾಜನಿಂದ ಹೊರಬಿದ್ದ ಮೇಲೆ ಗಣೇಶ ಗಲ್ಲಿಯ ‘ಮುಂಬಯಿಚಾ ರಾಜಾ’ನನ್ನು ನೋಡದೆ ಹೋಗಬೇಡಿ, ಅದು 1928ರದು, ರಾಜನಿಗಿಂತ ಆರು ವರ್ಷ ಹಿರಿಯ, ಸಾಲು ಅದರ ಕಾಲು ಭಾಗವೂ ಇರುವುದಿಲ್ಲ. ಯಾವುದಾದರೂ ಹೆಸರಾಂತ ದೇವಸ್ಥಾನದ ಪ್ರತಿಕೃತಿಯನ್ನೇ ಕಟ್ಟಿ ನಿಲ್ಲಿಸುವುದು ಅಲ್ಲಿನವರ ಪದ್ಧತಿ. ಇನ್ನೂ ಕಾಲಿನಲ್ಲಿ ಶಕ್ತಿಯಿದ್ದರೆ, ಸ್ಟೇಷನ್ನಿಗೆ ಮರಳುವ ದಾರಿಯಲ್ಲಿ ಚಿಂಚ್‌ಪೋಕ್ಳಿಯ ಚಿಂತಾಮಣಿ ಇದೆ, 1920ರದು. ಮೂರೂ ಒಂದೇ ಸುತ್ತಿನಲ್ಲಿ ಮುಗಿಯುತ್ತವೆ. ಲಾಲ್‌ಬಾಗ್‌ನಲ್ಲಿ ಚಿವ್ಡಾ ಗಲ್ಲಿಯೂ ಮಸಾಲೆ ಕುಟ್ಟಿಕೊಡುವ ಅಂಗಡಿಗಳೂ ಇವೆ. ಊರಿಗೆ ಒಯ್ಯಲು ಗೇಟ್‌ವೇ ಬಳಿಯ ಪ್ಲಾಸ್ಟಿಕ್ ಆಟಿಕೆಗಿಂತ ಅರ್ಧ ಕಿಲೊ ಚಿವ್ಡಾ ಲೇಸು.

ಉತ್ತರ 4: ಡೊಂಬಿವಲಿ ಅಕ್ಕ, ಜುಲೈ 7

ಮುಂಬಯಿಯ ಗಂಡಸರಿಬ್ಬರೂ ಎಲ್ಲಿ ಮಲಗಬೇಕು, ಶೌಚಾಲಯ ಎಲ್ಲಿದೆ ಎಂಬ ಎರಡು ಪ್ರಶ್ನೆಗಳನ್ನು ಮುಟ್ಟಲೇ ಇಲ್ಲ. ತಮ್ಮಾ, ಒಬ್ಬ ವಯಸ್ಸಾದ ತಾಯಿ, ಒಬ್ಬ ಕಾಲೇಜು ಹುಡುಗಿ ಜೊತೆಗಿರುವಾಗ ಇವೇ ಮೊದಲ ಪ್ರಶ್ನೆಗಳು.

ಮೂರು ವರ್ಷದ ಹಿಂದೆ ನನ್ನ ಚಿಕ್ಕಮ್ಮನವರು ಧಾರವಾಡದಿಂದ ಇದೇ ರೀತಿ ಬಂದಿದ್ದರು. ನಮ್ಮ ಮನೆಯಿಂದ ದಿನವೂ ಹೋಗಿ ಬರುವುದು ದೂರವೆಂದು ದಾದರ್‌ನ ಒಂದು ಲಾಡ್ಜಿನಲ್ಲಿ ಮೊಬೈಲ್ ಮೂಲಕ ಕೋಣೆ ಕಾಯ್ದಿರಿಸಿದೆವು. ರಾತ್ರಿ ಹನ್ನೊಂದಕ್ಕೆ ತಲುಪಿದರೆ, ಹಬ್ಬದ ದರ ಬೇರೆ, ತೋರಿಸಿದ ದರಕ್ಕೆ ಇನ್ನೂ ಎಂಟುನೂರು ಸೇರಿಸಿ, ಇಲ್ಲದಿದ್ದರೆ ಕೋಣೆ ಇಲ್ಲ ಎಂದುಬಿಟ್ಟರು. ಆ ಹೊತ್ತಿನಲ್ಲಿ ಮಳೆಯಲ್ಲಿ ನೆನೆದ ಸೀರೆಯಲ್ಲಿ ನಿಂತ ಚಿಕ್ಕಮ್ಮನನ್ನು ನೋಡಿ ನಾನು ಜಗಳವಾಡಲಿಲ್ಲ, ಕೊಟ್ಟೆ. ಅಂದಿನಿಂದ ಹಬ್ಬದ ದಿನಗಳಲ್ಲಿ ಲಾಡ್ಜಿಗೆ ಮೊದಲೇ ಫೋನು ಮಾಡಿ, ಒಟ್ಟು ಮೊತ್ತವನ್ನು ಸಂದೇಶದಲ್ಲಿ ಬರೆಸಿಕೊಳ್ಳದೆ ಯಾರಿಗೂ ಕೋಣೆ ಹಿಡಿಯುವುದಿಲ್ಲ.

ನಿಮಗೆ ಅದಕ್ಕಿಂತ ಒಳ್ಳೆಯ ದಾರಿಯೆಂದರೆ ಸಿಎಸ್‌ಎಂಟಿಯ ರೈಲ್ವೆ ವಿಶ್ರಾಂತಿ ಕೋಣೆ. ಖಚಿತವಾದ ರೈಲು ಟಿಕೆಟಿನ ಪಿಎನ್‌ಆರ್ ಸಂಖ್ಯೆಯಿದ್ದರೆ ಐಆರ್‌ಸಿಟಿಸಿಯಲ್ಲಿ ಹನ್ನೆರಡು ಅಥವಾ ಇಪ್ಪತ್ನಾಲ್ಕು ಗಂಟೆಗೆ ಕಾಯ್ದಿರಿಸಬಹುದು. ಅದಕ್ಕಾಗಿ ಟಿಕೆಟನ್ನು ದಾದರ್‌ಗೆ ತೆಗೆಯದೆ ಸಿಎಸ್‌ಎಂಟಿಯವರೆಗೇ ತೆಗೆಯಿರಿ, ಇಳಿಯುವುದು ದಾದರ್‌ನಲ್ಲಾದರೂ ಚಿಂತೆಯಿಲ್ಲ. ಈಗ ರೈಲ್ವೆಯ ಮುಂಗಡ ಅವಧಿ ಅರವತ್ತು ದಿನ. ಲೆಕ್ಕ ಹಾಕಿದರೆ ಸೆಪ್ಟೆಂಬರ್ 17ರ ಟಿಕೆಟು ಜುಲೈ 19ರ ಬೆಳಿಗ್ಗೆ ಎಂಟಕ್ಕೆ, ಮರುದಿನದ್ದು ಜುಲೈ 20ರಂದು ತೆರೆಯುತ್ತದೆ. ಚೌತಿಯ ವಾರವಾದ್ದರಿಂದ ಎಂಟೂವರೆಗೆ ಕುಳಿತುಕೊಂಡರೆ ವೇಟಿಂಗ್ ಲಿಸ್ಟ್ ಸಿಕ್ಕೀತು. ಕೋಣೆ ಸಿಗದಿದ್ದರೆ ಡಾರ್ಮಿಟರಿ ನೋಡಿ. ಅದೂ ಇಲ್ಲವೆಂದರೆ ಫೋನು ಮಾಡಿ ಬರೆಸಿಕೊಂಡ ಲಾಡ್ಜು. ರಾತ್ರಿಯಿಡೀ ಸುತ್ತಾಡಿ ಕೋಣೆಯ ಹಣ ಉಳಿಸುವುದು ಇಪ್ಪತ್ತು ವರ್ಷದವರ ಆಟ, ಬೇಡ.

ಹಣದ ಲೆಕ್ಕ ಸುಲಭ. ಡೆಕ್ಕನ್ ಕ್ವೀನ್‌ನ ಕೂರುವ ಎರಡನೆಯ ದರ್ಜೆಗೆ ತಲೆಗೆ ನೂರು ಚಿಲ್ಲರೆ, ಹೋಗಿಬರಲು ಮೂವರಿಗೆ ಏಳುನೂರು ಎಂದಿಟ್ಟುಕೊಳ್ಳಿ. ಕೋಣೆಗೆ ಎರಡು ಸಾವಿರ, ಎರಡು ದಿನದ ಊಟ-ತಿಂಡಿಗೆ ಒಂದೂವರೆ ಸಾವಿರ ಇಟ್ಟರೆ ಕೈ ಬಿಗಿ ಹಿಡಿಯಬೇಕಿಲ್ಲ. ಲೋಕಲ್‌ಗೆ ನೀವು ಓಡಾಡುವ ಅಂತರಕ್ಕೆಲ್ಲ ಐದೋ ಹತ್ತೋ ರೂಪಾಯಿ. ಮುಂಬಯಿಯ ನಗರ ಸಾರಿಗೆಯಾದ ಬೆಸ್ಟ್ ಬಸ್ಸಿನ ಕನಿಷ್ಠ ದರ 2025ರ ಮೇ ತಿಂಗಳಿನಿಂದ ಹತ್ತು, ಎಸಿ ಬಸ್ಸಿಗೆ ಹನ್ನೆರಡು. ಹೀಗಿರುವಾಗ ಒಂದು ದಿನದ ಪ್ರವಾಸಿ ಟಿಕೆಟು ತೆಗೆದರೆ ನಿಮಗೆ ನಷ್ಟವೇ. ದಕ್ಷಿಣ ಮುಂಬಯಿಯಲ್ಲಿ ರಿಕ್ಷಾ ಇಲ್ಲ ಎಂಬುದು ಪುಣೆಯವರಿಗೆ ನೆನಪಿರುವುದಿಲ್ಲ; ಕಪ್ಪು-ಹಳದಿ ಟ್ಯಾಕ್ಸಿಯ ಮೀಟರು 31 ರೂಪಾಯಿಯಿಂದ ಶುರುವಾಗುತ್ತದೆ, ಖೇತ್‌ವಾಡಿಯಿಂದ ರಾತ್ರಿ ಕೋಣೆಗೆ ಮರಳಲು ಅದನ್ನೇ ಹಿಡಿಯಿರಿ, ಅಲ್ಲಿ ಜಿಪುಣತನ ಬೇಡ. ಓಡಾಟಕ್ಕೆ ಐನೂರು. ಇಷ್ಟಾದರೂ ನಾಲ್ಕು ಸಾವಿರದ ಏಳುನೂರಕ್ಕೆ ನಿಲ್ಲುತ್ತದೆ, ಉಳಿದದ್ದನ್ನು ಮುಟ್ಟದೆ ಇಟ್ಟುಕೊಳ್ಳಿ.

ಶೌಚಾಲಯದ ಮಾತು: ಸಾಲಿನೊಳಗೆ ಸೇರಿದ ಮೇಲೆ ಹೊರಬರುವುದು ಕಷ್ಟ. ಬೆಳಿಗ್ಗೆ ಹೊರಡುವ ಮುನ್ನ ಕೋಣೆಯಲ್ಲೇ ಎಲ್ಲ ಮುಗಿಸಿ, ಚಹಾ ದರ್ಶನದ ನಂತರವೇ ಕುಡಿಯಿರಿ, ನೀರನ್ನು ಗುಟುಕು ಗುಟುಕಾಗಿ ಕುಡಿಯಿರಿ. ಹಾಗೆಂದು ಅವ್ವನವರು ಮಾತ್ರೆ ತೆಗೆದುಕೊಳ್ಳುವವರಾದರೆ ಖಾಲಿ ಹೊಟ್ಟೆಯಲ್ಲಿ ನಿಲ್ಲಿಸಬೇಡಿ, ಎರಡು ಚಪಾತಿ ಕಟ್ಟಿಕೊಂಡು ಹೋಗಿ. ಚೀಲ ಮೂವರಿಗೂ ಸೇರಿ ಎರಡೇ ಇರಲಿ, ಲೋಕಲ್‌ನಲ್ಲಿ ಅದು ಬೆನ್ನಿನಿಂದ ಎದೆಗೆ ಬರಲಿ. ಜನಜಂಗುಳಿಯಲ್ಲಿ ನನ್ನ ಮಗನ ಮೊಬೈಲು ಪ್ಯಾಂಟಿನ ಜೇಬಿನಿಂದ ಹೋದದ್ದು ಅವನಿಗೆ ತಿಳಿದದ್ದು ರಾಜನೆದುರು ಫೋಟೊ ತೆಗೆಯಲು ಕೈಹಾಕಿದಾಗ. ಅವ್ವನವರ ಮಾಂಗಲ್ಯ, ಬಳೆ ಪುಣೆಯಲ್ಲೇ ಇರಲಿ. ಚಪ್ಪಲಿ ನೆನೆದರೂ ಜಾರದ ರಬ್ಬರಿನದು. ಕೊಡೆ ಬೇಡ, ಸಾಲಿನಲ್ಲಿ ಬಿಚ್ಚಲು ಜಾಗವಿರುವುದಿಲ್ಲ. ತೆಳ್ಳನೆಯ ರೇನ್‌ಕೋಟ್ ಮೂರು.

ಪ್ರಶ್ನಿಸಿದವರಿಂದ: ಭೋಸರಿಯ ಬಾದಾಮಿಗ, ಜುಲೈ 8

ಎಲ್ಲರಿಗೂ ಋಣಿ. ನನ್ನ ವಾರದ ರಜೆ ಗುರುವಾರವೇ. ಆದರೂ ಶನಿವಾರ ಎಂದು ಬರೆದದ್ದು ತಂಗಿಯ ಕಾಲೇಜಿನ ದೆಸೆಯಿಂದ. ಎರಡು ದಿನ ತಪ್ಪಿಸುತ್ತೇನೆ ಎಂದು ಅವಳೇ ನನಗಿಂತ ಮೊದಲು ಒಪ್ಪಿಬಿಟ್ಟಳು. ಅವ್ವನಿಗೆ ಎಲ್ಲ ಉತ್ತರಗಳನ್ನೂ ಓದಿ ಹೇಳಿದೆ. ಸಂತೆಯವರ ಹರಕೆಯ ಕಥೆ ಕೇಳಿದ ಮೇಲೆ, ತಾನೂ ಬನಶಂಕರಿ ಜಾತ್ರೆಯಲ್ಲಿ ಬಳೆ ಮಾರಿದವಳೇ ಎಂದು ನೆನಪಿಸಿದಳು, ಆದ್ದರಿಂದ ರಾಜನ ದರ್ಶನ ತಪ್ಪಿಸುವ ಮಾತೇ ಇಲ್ಲ. ಅಂಧೇರಿ, ಗೇಟ್‌ವೇ, ಸಿದ್ಧಿವಿನಾಯಕ ಮೂರನ್ನೂ ಪಟ್ಟಿಯಿಂದ ತೆಗೆದಿದ್ದೇನೆ. ಸಿದ್ಧಿವಿನಾಯಕನ ವಿಷಯದಲ್ಲಿ ಅವ್ವ ಸ್ವಲ್ಪ ಹಿಂದೆಮುಂದೆ ನೋಡಿದಳು, ಆ ದೇವಸ್ಥಾನ ವರ್ಷವಿಡೀ ಇರುತ್ತದೆ ಎಂದ ಮೇಲೆ ಸುಮ್ಮನಾದಳು.

ಈಗಿನ ಯೋಜನೆ ಹೀಗೆ: ಗುರುವಾರ ಮಾಟುಂಗಾ, ಮಧ್ಯಾಹ್ನ ಸಿಎಸ್‌ಎಂಟಿಯಲ್ಲಿ ವಿಶ್ರಾಂತಿ, ಸಂಜೆ ಕೇಶವಜಿ ನಾಯಕ್ ಚಾಳ್ ಮತ್ತು ಖೇತ್‌ವಾಡಿ, ಶುಕ್ರವಾರ ನಸುಕಿಗೆ ಲಾಲ್‌ಬಾಗ್, ಆಮೇಲೆ ಗಣೇಶ ಗಲ್ಲಿ, ಸಂಜೆ 5.10ಕ್ಕೆ ಸಿಎಸ್‌ಎಂಟಿಯಿಂದ ಡೆಕ್ಕನ್ ಕ್ವೀನ್. ಸ್ಟೂಲನ್ನು ನಿನ್ನೆಯೇ ಪಿಂಪ್ರಿ ಪೇಟೆಯಲ್ಲಿ ಇನ್ನೂರೈವತ್ತಕ್ಕೆ ತಂದೆ. ಅವ್ವ ಕೂತು ನೋಡಿ, ಕಾಲು ಅಲ್ಲಾಡುತ್ತದೆ ಎಂದು ನನ್ನಿಂದ ಅದಕ್ಕೆ ಒಂದು ಬೋಲ್ಟ್ ಹೆಚ್ಚಿಗೆ ಹಾಕಿಸಿದ್ದಾಳೆ. ಒಂದೇ ಅನುಮಾನ ಉಳಿದಿದೆ: ಶುಕ್ರವಾರ ಸಾಲು ಮಧ್ಯಾಹ್ನದವರೆಗೂ ಮುಗಿಯದಿದ್ದರೆ ಗಾಡಿ ತಪ್ಪೀತೇ?

ಉತ್ತರ 5: ಮಿಲ್ಲಿನ ಭೋಂಗಾ, ಜುಲೈ 8

ಗಂಟೆ ಹನ್ನೆರಡನ್ನು ಗೆರೆಯೆಂದು ಇಟ್ಟುಕೊಳ್ಳಿ. ಅಷ್ಟರೊಳಗೆ ಚಪ್ಪರದ ಹೆಬ್ಬಾಗಿಲು ಕಣ್ಣಿಗೆ ಬೀಳದಿದ್ದರೆ ಕಾರ್ಯಕರ್ತರಿಗೆ ಹೇಳಿ ಪಕ್ಕಕ್ಕೆ ಬಂದುಬಿಡಿ, ಗಣೇಶ ಗಲ್ಲಿಯಲ್ಲಿ ದರ್ಶನ ಮಾಡಿಸಿ. ನಸುಕಿನಲ್ಲೇ ಸೇರಿಕೊಂಡರೆ ಆ ಪ್ರಮೇಯ ಬರಲಾರದು ಎಂಬುದು ನನ್ನ ಅನುಭವ. ಆಮೇಲೂ ಗಾಡಿ ತಪ್ಪಿತೆಂದರೆ ಹೆದರಬೇಕಿಲ್ಲ, ದಾದರ್‌ನಿಂದ ಪುಣೆಗೆ ಶಿವನೇರಿ ಬಸ್ಸುಗಳು ರಾತ್ರಿಯವರೆಗೂ ಹೊರಡುತ್ತಿರುತ್ತವೆ. ಮುಟ್ಟದೆ ಇಟ್ಟ ಹಣ ಬೇಕಾಗುವುದು ಆಗಲೇ.

ಉತ್ತರ 6: ಮಾಟುಂಗಾದ ಮಾವ, ಜುಲೈ 8

ಸಾಲಿನ ವಿಷಯದಲ್ಲಿ ನಾನು ಸೋತೆ, ಬಳೆ ಮಾರಿದ ತಾಯಿಯ ಎದುರು ವಾದಿಸಲಾರೆ. ಗುರುವಾರ ಬೆಳಿಗ್ಗೆ ದಾದರ್‌ನಲ್ಲಿ ಸ್ಲೋ ಗಾಡಿಯ ಪ್ಲಾಟ್‌ಫಾರಂ ಯಾವುದೆಂದು ಮೊದಲು ಬೋರ್ಡು ನೋಡಿ. ಆತುರದಲ್ಲಿ ಫಾಸ್ಟ್ ಗಾಡಿ ಹತ್ತಿದರೆ ಮಾಟುಂಗಾ ನಿಮ್ಮ ಕಣ್ಣೆದುರೇ ಹಿಂದೆ ಸರಿದು ಕುರ್ಲಾದಲ್ಲಿ ಇಳಿಯಬೇಕಾಗುತ್ತದೆ.